ವಿಮಾನದ ವಯಸ್ಸು ಎಷ್ಟು?
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿ, ಬಿಇ ಮುಗಿಸಿ, ಈಗ ಬೆಂಗಳೂರಿನಲ್ಲಿ ವಿಮಾನಗಳ ನಿರ್ವಹಣೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಊರಿಗೆ ಬಂದಾಗ ಯಾರಾದರೂ ಕೇಳುತ್ತಾರೆ, "ಒಂದು ವಿಮಾನ ಎಷ್ಟು ವರ್ಷ ಬಾಳುತ್ತಪ್ಪಾ?" ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ವರ್ಷವೊಂದರಿಂದಲೇ ಹೇಳಲಾಗದು. ತಯಾರಾಗಿ ಎಷ್ಟು ವರ್ಷವಾಯಿತು, ಎಷ್ಟು ಗಂಟೆ ಹಾರಿತು, ಎಷ್ಟು ಸಲ ಏರಿ ಇಳಿಯಿತು, ಈ ಮೂರನ್ನೂ ಬರೆದಿಡುತ್ತಾರೆ. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ವಿಮಾನದೊಳಗೆ ಗಾಳಿಯ ಒತ್ತಡ ಹೆಚ್ಚಿಸಿಟ್ಟಿರುತ್ತಾರೆ. ಆಗ ಅದರ ಮೈ ಬಲೂನಿನ ಹಾಗೆ ತುಸುವೇ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ನಾವು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತಿದ್ದೆವಲ್ಲ, ಅದೇ ಲೋಹದ ದಣಿವು.

1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಇಟಲಿಯ ಬಳಿ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದವು. ತನಿಖೆಗಾಗಿ ಇನ್ನೊಂದು ಕಾಮೆಟ್ಟನ್ನು ಫಾರ್ನ್‌ಬರೋದಲ್ಲಿ ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಒತ್ತಡ ಏರಿಸಿ ಇಳಿಸಿದರು. ಮೊದಲಿನ ಹಾರಾಟಗಳೂ ಸೇರಿ ಸುಮಾರು 3,000 ಸಲಕ್ಕೆ ಅದರ ಮೈ ಸೀಳಿತು. ಇಂಥ ದಣಿವಿನ ಪರೀಕ್ಷೆಗಳು ಈಗ ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ನಡೆಯುತ್ತವೆ.

ಇನ್ನೊಂದು ಘಟನೆ. 1988ರ ಏಪ್ರಿಲ್ 28, ಹವಾಯಿ ದ್ವೀಪಗಳು. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ 24,000 ಅಡಿ ಎತ್ತರದಲ್ಲಿದ್ದಾಗ ಮುಂಭಾಗದ ಚಾವಣಿ ಕಿತ್ತು ಹಾರಿಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಜನರೊಂದಿಗೆ ಪೈಲಟ್‌ಗಳು ಮಾವಿ ದ್ವೀಪದಲ್ಲಿ ವಿಮಾನ ಇಳಿಸಿದರು. ಆ ವಿಮಾನ ಹಾರಿದ್ದು 35,496 ಗಂಟೆ, ಸೈಕಲ್ 89,680. ಮಕ್ಕಳೆ, ಭಾಗಾಕಾರ ಮಾಡಿ ನೋಡಿ. ಒಂದು ಹಾರಾಟಕ್ಕೆ ಸರಾಸರಿ 24 ನಿಮಿಷ! ಅಷ್ಟೇ ಗಂಟೆಗಳನ್ನು ಎಂಟೆಂಟು ಗಂಟೆಯ ದೂರದ ಹಾರಾಟದಲ್ಲಿ ಕಳೆದಿದ್ದರೆ ಸುಮಾರು 4,400 ಸೈಕಲ್ ಮಾತ್ರ ಆಗುತ್ತಿತ್ತು. ಜೊತೆಗೆ ಸಮುದ್ರದ ಉಪ್ಪುಗಾಳಿಯ ತುಕ್ಕು ಬೇರೆ. ತಪಾಸಣೆಯಲ್ಲಿ ಬಿರುಕುಗಳು ಸಿಕ್ಕಿರಲಿಲ್ಲ.

ಆದರೆ ಹತ್ತುವಾಗ ಒಬ್ಬ ಪ್ರಯಾಣಿಕರ ಕಣ್ಣಿಗೆ ಬಿರುಕು ಬಿದ್ದಿತ್ತು. ಅವರು ಯಾರಿಗೂ ಹೇಳಲಿಲ್ಲ.

ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಮ್ಮ ಪ್ರೋಗ್ರಾಮಿನ ಪರೀಕ್ಷೆ ನಡೆಯುತ್ತಿತ್ತು. ಒಂದು ಬಿಡಿಭಾಗವನ್ನು ಬಿಚ್ಚಿ ಬೇರೆ ವಿಮಾನಕ್ಕೆ ಹಾಕಿದರೆ, ಅದರ ಹಳೆಯ ಸೈಕಲ್ ಲೆಕ್ಕವೂ ಜೊತೆಗೆ ಹೋಗಬೇಕು. ಪ್ರೋಗ್ರಾಮ್ ಸೊನ್ನೆಯಿಂದ ಎಣಿಸುತ್ತಿತ್ತು. ನನಗೆ ಕಂಡಿತು. ಆದರೆ ದೊಡ್ಡವರಿಗೆ ಗೊತ್ತಿರಬೇಕು, ಹಳ್ಳಿಯಿಂದ ಬಂದ ನನ್ನ ಇಂಗ್ಲಿಷಿಗೆ ನಕ್ಕಾರು ಎಂದು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಪಕ್ಕದ ಸಹೋದ್ಯೋಗಿಯೇ ಅದನ್ನು ಎತ್ತಿದಳು. ತಪ್ಪು ಹೊರಗೆ ಹೋಗುವ ಮೊದಲೇ ಸರಿಯಾಯಿತು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ಈ ಶಾಲೆಯಲ್ಲೂ ನಾನು ಹಿಂದಿನ ಬೆಂಚಿನವನು. ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆ. ನಮ್ಮ ಗಣಿತದ ಮೇಷ್ಟ್ರು "ಯಾರಾದರೂ ಕೇಳ್ರೋ" ಎಂದು ಕಾಯುತ್ತಿದ್ದರು. ಅವರು ಇವತ್ತು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಆಗ ಕೇಳದ್ದಕ್ಕೆ ಕ್ಷಮಿಸಿ.

ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಐದು ನಿಮಿಷ ಉಳಿದಿದೆ. ಮಕ್ಕಳೆ, ಈಗ ನೀವು ಕೇಳಿ. ಹಿಂದಿನ ಬೆಂಚಿನಿಂದಲೇ ಶುರುವಾಗಲಿ.