ಕುವೈತಿನಿಂದ ಬಂದವರ ಬಾಕಿ



ಆದೋನಿ ಮಾರುಕಟ್ಟೆಯಲ್ಲಿ ಹತ್ತಿ ಕೊಂಡ ವ್ಯಾಪಾರಿ ಹಣ ಕೊಡದೆ ಸತಾಯಿಸಿದರೆ ನೀವು ಏನು ಮಾಡುತ್ತೀರಿ? ನಾಲ್ಕು ಜನ ಹಿರಿಯರನ್ನು ಕೂಡಿಸಿ ಕೇಳುತ್ತೀರಿ. ಬಗ್ಗದಿದ್ದರೆ ಕೋರ್ಟಿಗೆ ಹೋಗುತ್ತೀರಿ. ಆದರೆ ನಿಮಗೆ ನಷ್ಟ ಮಾಡಿದ್ದು ಬೇರೆ ದೇಶದ ಸರ್ಕಾರವಾದರೆ? ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಲಿಖಿತ ಒಪ್ಪಿಗೆ ಕೊಡದೆ ವಿದೇಶಿ ಸರ್ಕಾರದ ಮೇಲೆ ದಾವೆ ಹಾಕುವಂತಿಲ್ಲ. ಹಾಗಾಗಿ ಇಂಥ ಬಾಕಿಯನ್ನು ಪ್ರಜೆಯ ಪರವಾಗಿ ಅವನ ಸರ್ಕಾರವೇ ಕೇಳಬೇಕು. ಅಮೆರಿಕ ಮತ್ತು ಇರಾನ್ 1981ರಲ್ಲಿ ಒಪ್ಪಂದ ಮಾಡಿಕೊಂಡು, ತಮ್ಮ ಪ್ರಜೆಗಳ ಇಂಥ ಹಕ್ಕುಗಳಿಗಾಗಿ ಹೇಗ್ ಪಟ್ಟಣದಲ್ಲಿ ನ್ಯಾಯಮಂಡಳಿಯನ್ನೇ ಇಟ್ಟವು.

ನಮ್ಮ ಜನಕ್ಕೆ ತಟ್ಟಿದ ಪ್ರಕರಣ ಕುವೈತಿನದು. ರಾಯಲಸೀಮೆಯಲ್ಲಿ ಕುವೈತಿನ ಹೆಸರು ಗೊತ್ತಿಲ್ಲದವರು ಯಾರು? ಕಡಪ, ರಾಯಚೋಟಿ ಕಡೆಯ ಹೆಣ್ಣುಮಕ್ಕಳು ಮನೆಗೆಲಸಕ್ಕೆ, ಗಂಡಸರು ಡ್ರೈವರ್ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಕನ್ನಡನಾಡಿನ ಕರಾವಳಿಯವರೂ ಅಲ್ಲಿ ಬಹಳ ಮಂದಿ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬ್ಯಾಂಕು ಮುಚ್ಚಿದವು, ದುಡಿದ ಸಂಬಳ ಮಾಲೀಕನ ಹತ್ತಿರವೇ ಉಳಿಯಿತು. ಜನ ಮರಳುಗಾಡು ದಾಟಿ ಜೋರ್ಡಾನ್ ಸೇರಿದರು. ಅಲ್ಲಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಹಗಲೂ ರಾತ್ರಿ ಓಡಾಡಿದವು. ಹೀಗೆ ಸುಮಾರು 1,70,000 ಭಾರತೀಯರು ಮನೆ ಸೇರಿದರು. ಬಹಳ ಮಂದಿ ಉಟ್ಟ ಬಟ್ಟೆಯಲ್ಲೇ ಬಂದರು.

ಇಲ್ಲಿ ಭಾರತ ಮತ್ತು ಇರಾಕಿನ ನಡುವೆ ಪ್ರತ್ಯೇಕ ಒಪ್ಪಂದ ಆಗಲಿಲ್ಲ. 1991ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 687ನೇ ನಿರ್ಣಯದಲ್ಲಿ, ಈ ನಷ್ಟಕ್ಕೆಲ್ಲ ಇರಾಕೇ ಹೊಣೆ ಎಂದಿತು. ಯುದ್ಧದಲ್ಲಿ ಸೋತಿದ್ದ ಇರಾಕ್ ಅದನ್ನು ಒಪ್ಪಿಕೊಂಡಿತು. ಹಣ ಹಂಚಲು ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಕೂತಿತು. ಇರಾಕ್ ಮಾರುವ ಎಣ್ಣೆಯ ಹಣದಲ್ಲಿ ನೂರಕ್ಕೆ 30 ಪಾಲು ಈ ಆಯೋಗಕ್ಕೆ ಎಂದು ಗೊತ್ತುಪಡಿಸಿದರು. ಆದರೆ ಎಣ್ಣೆ ಮಾರಾಟಕ್ಕೇ ನಿರ್ಬಂಧ ಇತ್ತಲ್ಲ! 1996ರ ಡಿಸೆಂಬರಿನಲ್ಲಿ ಎಣ್ಣೆ ಮತ್ತೆ ಹರಿಯುವವರೆಗೆ ಬಡವರು ಕಾಯಬೇಕಾಯಿತು.

ಆಯೋಗ ಮಾಡಿದ ಒಂದು ಕೆಲಸ ಮಾತ್ರ ಮೆಚ್ಚಬೇಕಾದ್ದು. ದೊಡ್ಡ ಕಂಪನಿಗಳನ್ನು ಹಿಂದಕ್ಕೆ ನಿಲ್ಲಿಸಿ, ಕೂಲಿಕಾರರ ಸಣ್ಣ ಅರ್ಜಿಗಳನ್ನು ಮೊದಲು ತೆಗೆದುಕೊಂಡಿತು. ‘ಎ’ ವರ್ಗದಲ್ಲಿ, ಆ ಅವಧಿಯಲ್ಲಿ ಕುವೈತ್ ಅಥವಾ ಇರಾಕ್ ಬಿಟ್ಟು ಬಂದೆ ಎಂದು ತೋರಿಸಿದರೆ ಸಾಕಾಗಿತ್ತು, ಪಾತ್ರೆ ಪಡಗದ ಲೆಕ್ಕ ಬೇಕಿರಲಿಲ್ಲ. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಬರೆದುಕೊಟ್ಟವರಿಗೆ 4,000 ಮತ್ತು 8,000. ಡಾಲರಿಗೆ 35 ರೂಪಾಯಿ ಹಿಡಿದರೂ 4,000 ಡಾಲರ್ ಅಂದರೆ 1,40,000 ರೂಪಾಯಿ. ಈ ಕಡೆ ಅಷ್ಟರಲ್ಲಿ ಹೊಲ ಕೊಳ್ಳಬಹುದಿತ್ತು. ಆದರೆ ಹಾಗೆ ಬರೆದುಕೊಟ್ಟರೆ ಅಲ್ಲಿ ಬಿಟ್ಟು ಬಂದ ಸಂಬಳ, ಸಾಮಾನು, ಬ್ಯಾಂಕಿನ ಹಣ ಎಲ್ಲಕ್ಕೂ ಎಳ್ಳುನೀರು ಬಿಟ್ಟಂತೆ. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?

ಅರ್ಜಿಗಳು ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯದ ವಿಶೇಷ ಕುವೈತ್ ವಿಭಾಗದ ಮೂಲಕ ಹೋದವು. ಜಿನೀವಾದಲ್ಲಿ ಲಕ್ಷಾಂತರ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹಾಕಿ, ದೇಶ ಬಿಟ್ಟವರ ದಾಖಲೆಯ ಜೊತೆ ಹೋಲಿಸಿ ನೋಡಿದರು. ಇಲ್ಲೇ ನಮ್ಮಂಥ ಗಡಿಯವರಿಗೆ ತೊಡಕು. ಕನ್ನಡದ ರೂಢಿಯಲ್ಲಿ ಊರಿನ ಹೆಸರು, ತಂದೆಯ ಹೆಸರು. ತೆಲುಗಿನ ರೂಢಿಯಲ್ಲಿ ಇಂಟಿಪೇರು ಮುಂದೆ ಬರುತ್ತದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಏಜೆಂಟ್ ಬರೆಸಿದ ಮೂರನೆಯದು. ನಮಗೆ ಮೂವರೂ ಒಬ್ಬನೇ ಹನುಮಂತಪ್ಪ, ಯಂತ್ರಕ್ಕೆ ಮೂವರು ಬೇರೆ ಬೇರೆ. ಹಣ ಮಂಜೂರಾದ ಮೇಲೂ ವಿಳಾಸ ಸಿಗದವರ ಪಾಲು ಜಿನೀವಾಕ್ಕೇ ಹಿಂತಿರುಗುತ್ತಿತ್ತು.

ಒಟ್ಟು ಸುಮಾರು 27 ಲಕ್ಷ ಅರ್ಜಿಗಳು. ಕೇಳಿದ್ದು 35,250 ಕೋಟಿ ಡಾಲರ್, ಮಂಜೂರಾದದ್ದು ಸುಮಾರು 5,240 ಕೋಟಿ ಡಾಲರ್. ಕುವೈತಿನ ಎಣ್ಣೆ ಕಂಪನಿಗೆ ಸಲ್ಲಬೇಕಿದ್ದ ಕೊನೆಯ ಕಂತು 2022ರ ಜನವರಿಯಲ್ಲಿ ತೀರಿತು. ಯುದ್ಧ ಕಾಣದೆ ಹುಟ್ಟಿದ ಇರಾಕಿನ ಮಕ್ಕಳೂ ಈ ಸಾಲ ತೀರಿಸಿದರು ಎಂಬುದನ್ನೂ ಹೇಳಲೇಬೇಕು.

ಈಗಲೂ ನಿಮ್ಮ ಮನೆಯಿಂದ ಯಾರಾದರೂ ಕೊಲ್ಲಿ ದೇಶಕ್ಕೆ ಹೊರಟಿದ್ದರೆ ಇಷ್ಟು ಮಾಡಿ. ಹತ್ತನೇ ತರಗತಿ ಪಾಸಾಗದವರು ಕುವೈತಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಅದಕ್ಕೆ ವಿಮೆಯೂ ಸೇರಿರುತ್ತದೆ, ಏಜೆಂಟನಿಂದ ಅದರ ಕಾಗದ ಕೇಳಿ ಪಡೆಯಿರಿ. ಪಾಸ್‌ಪೋರ್ಟನ್ನು ಅಲ್ಲಿನ ಮಾಲೀಕ ಇಟ್ಟುಕೊಳ್ಳುವುದುಂಟು. ಆದ್ದರಿಂದ ಅದರ ನಕಲು, ವೀಸಾದ ನಕಲು, ಸಂಬಳ ಬರೆದ ಕರಾರಿನ ನಕಲು, ಈ ಮೂರೂ ಊರಿನ ಟ್ರಂಕಿನಲ್ಲಿರಲಿ. ಟ್ರಂಕಿನ ಬೀಗದ ಕೈ ಎಲ್ಲಿದೆ ಎಂದು ಮನೆಯ ಹೆಂಗಸರಿಗೂ ಗೊತ್ತಿರಲಿ.