ಬೀಗ ಹಾಕಿದ ಮನೆಯ ಪಟ್ಟಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಮಗಿಂತ ಮೊದಲು ಮಾತನಾಡಿದ ಹಿರಿಯರು ಆ ಕೆಲಸವನ್ನು ಸೊಗಸಾಗಿ ನಡೆಸಿಕೊಟ್ಟಿದ್ದಾರೆ. ಅದಕ್ಕೆ ನಾವು ಸೇರಿಸತಕ್ಕದ್ದೇನೂ ಉಳಿದಿಲ್ಲ. "ಊರಿನ ವಿಷಯ ಏನಾದರೂ ಹೇಳಿರಿ" ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಆದುದರಿಂದ ಒಂದು ಸಣ್ಣ ಹಳ್ಳಿಯಲ್ಲಿ ನಳಕ್ಕೆ ನೀರು ಹೇಗೆ ಬರುತ್ತದೆ, ಅದಕ್ಕೆ ಹಣ ಯಾರು ಕೊಡುತ್ತಾರೆ, ಮುಂಬಯಿಯಲ್ಲಿ ಕುಳಿತ ನಮಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ತಮ್ಮ ಮುಂದಿಡುತ್ತೇವೆ. ಇದರಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆಯೂ ಉಂಟು.

ನಮ್ಮೂರು ವಿಜಾಪುರ ಜಿಲ್ಲೆಯ, ಅಂದರೆ ಈಗಿನ ವಿಜಯಪುರ ಜಿಲ್ಲೆಯ, ಡೋಣಿ ದಂಡೆಯ ಒಂದು ಹಳ್ಳಿ. ಕರಿಮಣ್ಣು, ಬಿಳಿಜೋಳ, ಸವಳು ನೀರು. ಜನಸಂಖ್ಯೆ ಸುಮಾರು 800. ಇಷ್ಟು ಸಣ್ಣ ಊರಿಗೆ ಸ್ವಂತ ಪಂಚಾಯತಿ ಇರುವುದಿಲ್ಲ. 1993ರ ಕಾಯದೆಯ ಪ್ರಕಾರ ಐದರಿಂದ ಏಳು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯತಿ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಆ ಲೆಕ್ಕದಲ್ಲಿ ನಾಲ್ಕು ಊರು ಕೂಡಿದ ನಮ್ಮ ಪಂಚಾಯತಿಗೆ ಹದಿನೈದು ಸದಸ್ಯರು. ಅದರಲ್ಲಿ ನಮ್ಮೂರಿನವರು ಇಬ್ಬರು. ಕಚೇರಿ ಇರುವುದು ಆರು ಕಿಲೋಮೀಟರು ದೂರದ ದೊಡ್ಡ ಊರಿನಲ್ಲಿ. ಅಲ್ಲಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಹೀಗಾಗಿ ನಮ್ಮೂರವರ ಕಣ್ಣಿಗೆ ದಿನವೂ ಕಾಣುವ ಸರಕಾರವೆಂದರೆ ಒಬ್ಬನೇ ಮನುಷ್ಯ, ನೀರು ಬಿಡುವವನು. ಮೈಸೂರು ಸೀಮೆಯವರು ಅವನನ್ನು ನೀರುಗಂಟಿ ಎನ್ನುತ್ತಾರೆ. ನಮ್ಮ ಕಡೆ ವಾಟರ್‌ಮನ್ ಎಂದೇ ಕರೆಯುತ್ತಾರೆ.

ಹಿಂದೆ ಹೀಗಿರಲಿಲ್ಲ. ಚಾವಡಿಯಲ್ಲಿ ಗೌಡ, ಕುಲಕರ್ಣಿ, ಅವರ ಕೈಕೆಳಗೆ ತಳವಾರ, ವಾಲೀಕಾರ, ಎಲ್ಲವೂ ಮನೆತನದ ಹಕ್ಕು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳಿಗೆ 1920ರಲ್ಲೂ 1933ರಲ್ಲೂ ಪಂಚಾಯತಿ ಕಾಯದೆಗಳು ಬಂದಿದ್ದವು. ಆದರೂ ಚಾವಡಿಯ ಮಾತೇ ಮಾತು. 1956ರಲ್ಲಿ ನಾಡು ಒಂದಾದಾಗ ಒಂದೊಂದು ಭಾಗಕ್ಕೆ ಒಂದೊಂದು ಕಾನೂನು ಇದ್ದುದರಿಂದ, ಎಲ್ಲಕ್ಕೂ ಸೇರಿ 1959ರಲ್ಲಿ ಒಂದು ಪಂಚಾಯತಿ ಕಾಯದೆ ಮಾಡಿದರು. 1961ರ ಇನ್ನೊಂದು ಕಾಯದೆ ವಂಶಪಾರಂಪರ್ಯದ ಊರ ಹುದ್ದೆಗಳನ್ನು ತೆಗೆದುಹಾಕಿತು. 1983ರಲ್ಲಿ ಅಬ್ದುಲ್ ನಜೀರ್ ಸಾಹೇಬರು ಮುಂದೆ ನಿಂತು ತಂದ ಕಾಯದೆಯ ಮೇಲೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯತಿಗಳು ಬಂದವು. ಹಳ್ಳಿಹಳ್ಳಿಗೂ ಕೊಳವೆಬಾವಿ ತೆಗೆಯಿಸಿದ ಆ ಮಂತ್ರಿಯನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಪದವಿ ಪ್ರಶಸ್ತಿಗಳಿಗಿಂತ ಅಂಥ ಹೆಸರು ಹೆಚ್ಚಿನದೆಂದು ನಮ್ಮ ಎಣಿಕೆ.

ಇರಲಿ. 2024ರ ಏಪ್ರಿಲಿನಲ್ಲಿ ನಾವು ಊರಿಗೆ ಹೋದ ಸಂಗತಿಗೆ ಬರುತ್ತೇವೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ್ದರು. ನಾವು ಹೋದದ್ದು ಬರ ನೋಡಲಿಕ್ಕಲ್ಲ, ಮನೆ ಹಂಚಿಕೊಳ್ಳಲಿಕ್ಕೆ. ತಂದೆಯವರು 2013ರಲ್ಲಿ ತೀರಿಕೊಂಡಂದಿನಿಂದ ಊರ ಮನೆಗೆ ಬೀಗ. ಅಣ್ಣತಮ್ಮಂದಿರು ಮೂವರೂ ಮುಂಬಯಿಯವರು. ಮನೆ ನಮ್ಮ ಹೆಸರಿಗಾಗಬೇಕಾದರೆ 'ಇ-ಸ್ವತ್ತು' ಆಗಬೇಕು, ನಮೂನೆ ಒಂಬತ್ತು ಬೇಕು, ಅದಕ್ಕೆ ಮೊದಲು ಬಾಕಿ ಮನೆಪಟ್ಟಿ ತೀರಬೇಕು. ಕರ ವಸೂಲಿ ಮಾಡುವ ಹುಡುಗ ವಹಿ ತೆಗೆದು ನಮ್ಮ ಅಜ್ಜನ ಹೆಸರು ಹುಡುಕಿ ಲೆಕ್ಕ ಹಾಕಿದ. ಹನ್ನೊಂದು ವರ್ಷದ್ದು, ಸೆಸ್ಸು ಎಲ್ಲಾ ಕೂಡಿ, 6,850 ರೂಪಾಯಿ. ಆ ಸೆಸ್ಸುಗಳಲ್ಲಿ ಗ್ರಂಥಾಲಯದ್ದೊಂದು, ಭಿಕ್ಷುಕರದ್ದೊಂದು. ಹನ್ನೊಂದು ವರ್ಷ ಊರಿನ ಪುಸ್ತಕಕ್ಕೂ ನಾವು ಕೊಟ್ಟಿರಲಿಲ್ಲ, ಭಿಕ್ಷೆಗೂ ಕೊಟ್ಟಿರಲಿಲ್ಲ. ಈ ಮಹಾನಗರದಲ್ಲಿ ಮೂರು ಸಂಸಾರ ಒಂದು ರಾತ್ರಿ ಹೋಟೆಲಿಗೆ ಹೋದರೆ ಆಗುವ ಖರ್ಚು ಅದು. ನಾವು ಹಣವಿಲ್ಲದೆ ಬಿಟ್ಟದ್ದಲ್ಲ, ನೆನಪಿಲ್ಲದೆ ಬಿಟ್ಟದ್ದು.

ಆ ರಾತ್ರಿ ಅಲ್ಲಿಯೇ ಉಳಿದೆವು. ನಸುಕಿನಲ್ಲಿ ನಾಲ್ಕೂವರೆಗೆ ವಾಟರ್‌ಮನ್ ಬ್ಯಾಟರಿ ಹಿಡಿದು ಮೋಟರು ಚಾಲೂ ಮಾಡಲು ಹೊರಟಿದ್ದ. ನಾವೂ ಅವನ ಬೆನ್ನು ಹತ್ತಿದೆವು. ಅವನ ಕೆಲಸ ನೋಡುವ ಮುನ್ನ, ನೀರು ಬಿಡುವುದೆಂದರೆ ಚಾವಿ ತಿರುವುವುದು ಎಂದೇ ತಿಳಿದಿದ್ದೆವು. ತಲೆಗೆ ದಿನಕ್ಕೆ 55 ಲೀಟರು ಎಂಬುದು 2019ರಲ್ಲಿ ಸಾರಿದ ಜಲಜೀವನ ಯೋಜನೆಯ ಮಾನ. ನಮ್ಮೂರಿನ 800 ಜನಕ್ಕೆ ಅದು 44 ಸಾವಿರ ಲೀಟರು. ಮೇಲಿನ ಟಾಕಿ ಹಿಡಿಯುವುದು 50 ಸಾವಿರ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಆದರೆ ಬೇಸಿಗೆಯಲ್ಲಿ ಕೊಳವೆಬಾವಿ ಒಂದು ತಾಸು ಎತ್ತಿದರೆ ಎರಡು ತಾಸು ಬಿಡಬೇಕು. ಬಿಡದೆ ಎಳೆದರೆ ಮೋಟರು ಬರಿದೇ ತಿರುಗಿ ಸುಡುತ್ತದೆ. ಮೂರು ಫೇಸಿನ ಕರೆಂಟು ಯಾವಾಗ ಬರುತ್ತದೋ ಆಗ ಎದ್ದಿರಬೇಕು. ಟಾಕಿ ಅರ್ಧ ತುಂಬಿದರೆ ದಿಬ್ಬದ ಮೇಲಿನ ಓಣಿಗೆ ನೀರು ಏರುವುದಿಲ್ಲ. ಆದಕಾರಣ ತಗ್ಗಿನ ಓಣಿಯ ವಾಲ್ವು ಮುಚ್ಚಿ ದಿಬ್ಬಕ್ಕೆ ಬಿಡಬೇಕು, ಆಮೇಲೆ ಅದನ್ನು ಮುಚ್ಚಿ ಇದನ್ನು ತೆರೆಯಬೇಕು. ಮುಚ್ಚಿದ ಓಣಿಯವರು ಬಯ್ಯುತ್ತಾರೆ. ಪೈಪು ಒಡೆದರೆ ಅಗೆಯುವವನು ಅವನೇ, ಬ್ಲೀಚಿಂಗ್ ಪುಡಿ ಹಾಕುವವನು ಅವನೇ, ಬೀದಿ ದೀಪ ಹಚ್ಚಿ ಆರಿಸುವವನೂ ಅವನೇ. ಊರಲ್ಲಿ ಮದುವೆಯಾದರೆ ಹೆಚ್ಚಿನ ನೀರಿಗೆ ಮೊದಲು ಹೇಳುವುದು ಅವನಿಗೆ, ಉಣ್ಣಲು ಕರೆಯುವುದು ಕಡೆಗೆ.

"ಪಗಾರ ಸರಿಯಾಗಿ ಬರತೈತೇನಪಾ?" ಎಂದು ಕೇಳಿದೆವು.

"ಒಂದೀಟು ಮ್ಯಾಲಿಂದ ಬರತೈತ್ರಿ ಅಣ್ಣಾರ, ಒಂದೀಟು ಪಂಚಾಯತಿ ವಸೂಲಿಯಾಗ ಕೊಡಬೇಕ್ರಿ. ವಸೂಲಿ ಆಗಲಿಲ್ಲಂದ್ರ ಅವರರ ಎಲ್ಲಿಂದ ತರ್ತಾರ? ನಾಕು ತಿಂಗಳಾತ್ರಿ, ಆ ಪಾಲು ಬಂದಿಲ್ಲ."

ಅವನು ನಮ್ಮನ್ನು ಕುಟುಕಲು ಹೇಳಿದ್ದಲ್ಲ. ನಾವು ಹಿಂದಿನ ದಿನ ಹನ್ನೊಂದು ವರ್ಷದ ಬಾಕಿ ಕಟ್ಟಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಆ ಮಾತು ಕೇಳಿ ನಮಗೆ ಉತ್ತರ ಹೊಳೆಯದೆ, ಅವನ ಬ್ಯಾಟರಿಯನ್ನು ನಾವು ಹಿಡಿದುಕೊಂಡೆವು, ಅವನು ವಾಲ್ವು ತಿರುವಿದ.

ಇಲ್ಲಿ ಇನ್ನೊಂದು ಸಂಗತಿ ಹೇಳದಿದ್ದರೆ ಒಪ್ಪಿಗೆ ಪೂರ್ತಿಯಾಗದು. ಹಾಗೆಂದು ನಾವು ಊರಿಗೆ ಏನೂ ಕೊಡದವರಲ್ಲ! 2003ರಲ್ಲಿ, ಒಂದರ ಮೇಲೊಂದು ಬರ ಬಿದ್ದ ವರ್ಷಗಳಲ್ಲಿ, ನಾವು ಮೂವರು ಕೂಡಿ ನಮ್ಮ ಓಣಿಯ ಬಾಯಿಗೆ ಒಂದು ಕೊಳವೆಬಾವಿ ತೆಗೆಯಿಸಿ, ಮೋಟರು ಕೂಡಿಸಿ, ಸಣ್ಣ ಟಾಕಿ ಕಟ್ಟಿಸಿ, ಅಜ್ಜನ ಹೆಸರಿನ ಕಲ್ಲು ನಿಲ್ಲಿಸಿದ್ದೆವು. ಡೊಳ್ಳು ಬಾರಿಸಿ ಉದ್ಘಾಟನೆಯಾಯಿತು. ಪುಣ್ಯಕ್ಕೆ ಸಿಹಿನೀರೇ ಬಿತ್ತು. ಎರಡು ವರ್ಷ ನಡೆದು ಮೋಟರು ಸುಟ್ಟಿತು. ರಿಪೇರಿ ಯಾರು ಮಾಡಿಸಬೇಕು? ಪಂಚಾಯತಿಯ ದಫ್ತರದಲ್ಲಿ ಆ ಬಾವಿಯ ಹೆಸರೇ ಇಲ್ಲ. ನಾವು ಒಪ್ಪಿಸಿಕೊಟ್ಟಿರಲಿಲ್ಲ, ಅವರು ಬರೆದುಕೊಂಡಿರಲಿಲ್ಲ. ಜಾಗ ನಮ್ಮ ದಾಯಾದಿಗಳದು. ಊರವರು ಮುಂಬಯಿಗೆ ಫೋನು ಮಾಡಿದರು. ನಾವು "ನೋಡೋಣ" ಎಂದೆವು. ನೋಡುತ್ತ ನೋಡುತ್ತ ಬಾವಿ ಹೂಳು ತುಂಬಿತು.

ಅದಕ್ಕಿಂತ ನಾಚಿಕೆಯ ಮಾತು ಬೇರೆ ಇದೆ. ನಡೆದ ಎರಡು ವರ್ಷವೂ ನಮ್ಮ ಓಣಿಯವರು ತುಂಬಿಕೊಂಡ ಮೇಲೆಯೇ ದಲಿತರ ಕೇರಿಯ ಹೆಣ್ಣುಮಕ್ಕಳಿಗೆ ಕೊಡ ಹಿಡಿಯಲು ಅವಕಾಶವಿತ್ತಂತೆ. ಹಾಗೆ ಮಾಡಿರೆಂದು ನಾವು ಹೇಳಿರಲಿಲ್ಲ. ಹಾಗೆ ಮಾಡಬೇಡಿರೆಂದೂ ಹೇಳಿರಲಿಲ್ಲ. ಕೊಟ್ಟವರ ಓಣಿ ಮೊದಲು ಎಂಬ ನಿಯಮವನ್ನು ಯಾರೂ ಬರೆಯಬೇಕಾಗಿಲ್ಲ, ಅದು ತಾನೇ ಹುಟ್ಟಿಕೊಳ್ಳುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಹಳ್ಳಿಯನ್ನು ಕಣ್ಣುಮುಚ್ಚಿ ಕೊಂಡಾಡುವವರನ್ನು ಕಟುವಾಗಿ ಟೀಕಿಸಿದರು. ದೂರದಲ್ಲಿ ಕುಳಿತು ಊರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ನಮ್ಮಂಥವರು ಆ ಭಾಷಣವನ್ನು ಒಮ್ಮೆ ಓದುವುದು ಒಳ್ಳೆಯದು.

ಅದೇ ವರ್ಷ ಗಾಂಧೀ ಜಯಂತಿಯ ಗ್ರಾಮಸಭೆಗೆ ನಾವು ಬೇಕೆಂದೇ ಹೋದೆವು. ಆರು ತಿಂಗಳಿಗೊಮ್ಮೆಯಾದರೂ ಇಂಥ ಸಭೆ ಸೇರತಕ್ಕದ್ದೆಂದು ಕಾಯದೆ ಇದೆ. ನಮ್ಮೂರಿನಿಂದ ಬಂದವರು ಏಳೇ ಜನ, ಬಸ್ಸಿನ ಕಥೆ ಆಗಲೇ ಹೇಳಿದೆವಲ್ಲ! ಸಭೆ ದೊಡ್ಡ ಊರಿನ ಗಟಾರು, ದೊಡ್ಡ ಊರಿನ ಕಾಂಕ್ರೀಟು ರಸ್ತೆ, ಇವುಗಳಲ್ಲೇ ಮುಗಿಯುವ ಹಾಗಿತ್ತು. ಆಗ ನಮ್ಮೂರಿನ ಸದಸ್ಯೆ ಎದ್ದು ನಿಂತರು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆಂದು 2010ರಲ್ಲಿ ಕಾನೂನು ಬದಲಾದ ಮೇಲೆ ಬಂದವರಲ್ಲಿ ಅವರೊಬ್ಬರು. ಮೊದಲ ವರ್ಷ ಅವರ ಪರವಾಗಿ ಗಂಡನೇ ಮಾತನಾಡುತ್ತಿದ್ದರಂತೆ. ಅವರ ಕೈಯಲ್ಲಿ ಮಗಳ ಶಾಲೆಯ ಹಳೆಯ ನೋಟುಬುಕ್ಕು. ಅದರಲ್ಲಿ ಆ ವರ್ಷ ಮೋಟರು ಸುಟ್ಟ ತಾರೀಖುಗಳು, ವೈಂಡಿಂಗಿಗೆ ಕೊಟ್ಟ ಹಣ, ನೀರಿಲ್ಲದೆ ಕಳೆದ ದಿನಗಳು. ಐದು ಸಲ ಸುಟ್ಟಿತ್ತು. ಕೇರಿಯ ಲೈನಿಗೆ ನೀರು ಬಾರದ ದಿನಗಳನ್ನು ಅವರು ಬೇರೆಯೇ ಬರೆದಿಟ್ಟಿದ್ದರು. "ಒಂದು ಮೋಟರು ಹೆಚ್ಚಿಗಿ ತಂದು ಇಡ್ರಿ. ಸುಟ್ಟಿದ್ದು ಬಿಚ್ಚೂದು, ಅದನ್ನ ಇಳಸೂದು. ಅರ್ಧಾ ದಿನದ ಕೆಲಸ. ಮತ್ತ ಕೇರಿ ವಾಲ್ವು ದಿನಾ ಬಿಟ್ಟು ದಿನಾ ಮೊದಲ ತೆಗೀಬೇಕಂತ ಠರಾವಿನ್ಯಾಗ ಬರೀರಿ" ಎಂದರು. ಸಭೆಯಲ್ಲಿ ಗದ್ದಲವಾಯಿತು. ಆದರೆ ತಾರೀಖು ಬರೆದಿಟ್ಟವರ ಮುಂದೆ ಗದ್ದಲ ಬಹಳ ಹೊತ್ತು ನಿಲ್ಲಲಿಲ್ಲ. ಎರಡನ್ನೂ ಬರೆದುಕೊಂಡರು.

ನಮಗೆ ಉತ್ಸಾಹ ಬಂದು, ಆ ಮೋಟರನ್ನು ನಾವೇ ಕೊಡಿಸುತ್ತೇವೆಂದು ಸಭೆ ಮುಗಿದ ಮೇಲೆ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಹೇಳಿದೆವು. ಅವರು ವಯಸ್ಸಿನಲ್ಲಿ ನಮ್ಮ ಮಗಳಷ್ಟು ಇದ್ದಾರು. ನಕ್ಕು ಹೇಳಿದರು: "ಕೊಡಿ ಸರ್, ಬೇಡ ಅನ್ನುವುದಿಲ್ಲ. ಆದರೆ ಹಣ ಪಂಚಾಯತಿ ಖಾತೆಗೆ ಕಟ್ಟಿ, ರಸೀದಿ ತಗೊಳ್ಳಿ. ಕೈಯಲ್ಲಿ ಮೋಟರು ತಂದುಕೊಟ್ಟರೆ ಅದು ನಿಮ್ಮ ಮೋಟರು ಆಗುತ್ತದೆ." ಆಮೇಲೆ ಸ್ವಲ್ಪ ತಡೆದು, "ನಿಮ್ಮೂರಿನ ಬೀಗ ಹಾಕಿದ ಮನೆಗಳ ಬಾಕಿ ಎಲ್ಲ ಬಂದರೆ ನಿಮ್ಮ ದಾನವೇ ಬೇಕಾಗುವುದಿಲ್ಲ ಸರ್" ಎಂದರು.

2003ರ ಬಾವಿಯ ಸುದ್ದಿ ಅವರಿಗೆ ಯಾರು ಹೇಳಿದ್ದರೋ ತಿಳಿಯದು. ಆ ವರ್ಷಗಳಲ್ಲಿ ಕೇಂದ್ರದ ಹದಿನೈದನೆಯ ಹಣಕಾಸು ಆಯೋಗದ ಅನುದಾನ ಪಂಚಾಯತಿಗೆ ಬರುತ್ತಿತ್ತು, 2021ರಿಂದ ಅದರ ಶೇಕಡಾ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲು. ಹೆಚ್ಚಿನ ಮೋಟರು ಮುಂದಿನ ಸಂಕ್ರಾಂತಿಯ ಹೊತ್ತಿಗೆ ಆ ಹಣದಲ್ಲೇ ಬಂತು. ಆದರೆ ನಾಲ್ಕು ತಿಂಗಳು ನಿಂತ ಪಗಾರದ ಪಾಲು, ಕಟ್ಟಿದ ಬಲ್ಬು, ಅವಸರದ ವೈಂಡಿಂಗು ಇವೆಲ್ಲ ಬಹುಮಟ್ಟಿಗೆ ಮನೆಪಟ್ಟಿ ನೀರುಪಟ್ಟಿಯ ಚಿಲ್ಲರೆ ಹಣವನ್ನೇ ಕಾಯುತ್ತವೆ.

ಮುಂಬಯಿಗೆ ಮರಳಿ ನಮ್ಮೂರಿನ ಬಂಧುಗಳನ್ನು ಕೂಡಿಸಿದೆವು. ಊರ ಅಗಸಿಗೆ ಒಂದು ಮಹಾದ್ವಾರ ಕಟ್ಟಿಸಬೇಕೆಂದು ಅವರು ಆಗಲೇ ಹಣ ಎತ್ತುತ್ತಿದ್ದರು. ಮೊದಲು ಎಲ್ಲರೂ ತಮ್ಮ ತಮ್ಮ ಮನೆಪಟ್ಟಿ ಕಟ್ಟೋಣ ಎಂದಾಗ ಒಬ್ಬ ಹಿರಿಯರು, "ಮಹಾದ್ವಾರಕ್ಕೆ ಕೊಟ್ಟರೆ ಹೆಸರು ಕೆತ್ತುತ್ತಾರೆ, ಪಟ್ಟಿ ಕಟ್ಟಿದರೆ ಹೆಸರು ಎಲ್ಲಿ ಬರುತ್ತದೆ?" ಎಂದು ನಿಷ್ಕಪಟವಾಗಿ ಕೇಳಿಬಿಟ್ಟರು. ನಾವೆಲ್ಲ ನಕ್ಕೆವು. ಆದರೆ 2003ರಲ್ಲಿ ನಮ್ಮ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ. ಕೆಲವರು ಕಟ್ಟಿದರು. ಕೆಲವರಿಗೆ ತಮ್ಮ ಮನೆ ಯಾರ ಹೆಸರಿನಲ್ಲಿದೆ, ಅದರ ಸಂಖ್ಯೆ ಯಾವುದೆಂದೇ ಗೊತ್ತಿರಲಿಲ್ಲ. ಮಹಾದ್ವಾರದ ಚರ್ಚೆ ಇನ್ನೂ ಮುಗಿದಿಲ್ಲ.

ಈ ಸಭೆಯಲ್ಲಿ ಬೇರೆ ಬೇರೆ ಜಿಲ್ಲೆಯವರಿದ್ದೀರಿ. ಊರಲ್ಲಿ ಬೀಗದ ಮನೆ ಇರುವವರು ಕೈ ಎತ್ತಿರೆಂದು ಕೇಳುವ ಧೈರ್ಯ ನಮಗಿಲ್ಲ. ದೀಪಾವಳಿಗೋ ಜಾತ್ರೆಗೋ ಹೋದಾಗ ಪಂಚಾಯತಿಗೆ ಹೋಗಿ, ವಹಿಯಲ್ಲಿ ತಮ್ಮ ಮನೆಯ ಸಂಖ್ಯೆ ಬರೆದುಕೊಂಡು ಬನ್ನಿರಿ. ಸಂಖ್ಯೆ ಇದ್ದರೆ ಅನೇಕ ಕಡೆ ಇಲ್ಲಿಂದಲೇ ಮೊಬೈಲಿನಲ್ಲಿ ಕಟ್ಟಲು ಬರುತ್ತದೆ. ರಸೀದಿ ಮಾತ್ರ ಮರೆಯದೆ ತೆಗೆದುಕೊಳ್ಳಿರಿ.

ನಮ್ಮ ಅಜ್ಜನ ಹೆಸರಿನ ಕಲ್ಲು ಇನ್ನೂ ಆ ಬತ್ತಿದ ಬಾವಿಯ ಪಕ್ಕದಲ್ಲೇ ಇದೆ. ನಾಚಿಕೆಯಾಗಿ ತೆಗೆಯಿಸಲು ಹೋದೆವು. ದಾಯಾದಿಗಳ ಮನೆಯ ಅತ್ತಿಗೆ ಬಿಡಲಿಲ್ಲ. "ಇರಲಿ ಬಿಡ್ರಿ ಮೈದುನರ, ಎಮ್ಮಿ ಕಟ್ಟಾಕ ಅನುಕೂಲ ಆಗೈತಿ" ಎಂದರು.