ಬಾಣಂತಿಯ ತಲೆನೋವು ಬರೀ ಶೀತವಲ್ಲ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಆಮೇಲೆ ನೋಡೋಣ. ಇವತ್ತು ಮೊದಲು ಒಂದು ತಲೆನೋವಿನ ವಿಷಯ.

ನಾವು ಹೋಗಿಬರುವ ಹಳ್ಳಿಯೊಂದರಲ್ಲಿ ಸಂಘದ ಸದಸ್ಯೆಯೊಬ್ಬರ ಸೊಸೆಗೆ ಹೆರಿಗೆಯಾಗಿ ಆರನೇ ದಿನ. ಹೆರಿಗೆ ಸುಸೂತ್ರವಾಗಿತ್ತು, ಮಗುವೂ ಚೆನ್ನಾಗಿತ್ತು. ಬೆಳಿಗ್ಗೆಯಿಂದ "ತಲೆ ಸಿಡೀತಾ ಇದೆ ಅತ್ತೆ, ಕಣ್ಣು ಮಂಜು ಮಂಜು" ಅಂದಳಂತೆ. ಗಾಳಿ ಹೊಕ್ಕಿದೆ ಎಂದು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಶುಂಠಿ ಕಷಾಯ ಕೊಟ್ಟು ಮಲಗಿಸಿದರು. ನಿಜ ಹೇಳಬೇಕೆಂದರೆ, ಅಂದು ಆ ಮನೆಗೆ ಹೋಗಿದ್ದ ನಾವೂ ಮಗುವನ್ನು ಆಡಿಸಿ ಬಂದೆವೇ ಹೊರತು ತಾಯಿಯ ಬಿ.ಪಿ. ಎಷ್ಟಿದೆ ಎಂದು ಕೇಳಲಿಲ್ಲ. ಸಂಜೆ ಫಿಟ್ಸ್ ಬಂತು. ಬಾಣಂತಿ ಸನ್ನಿ ಎಂದು ಯಾರೋ ತಾಯತ ತರಲು ಓಡಿದರು. ದೊಡ್ಡಾಸ್ಪತ್ರೆ ಮುಟ್ಟಿದ್ದು ಮರುದಿನ. ಮಿದುಳಿನೊಳಗೆ ರಕ್ತಸ್ರಾವವಾಗಿತ್ತು. ಜೀವ ಉಳಿಯಿತು. ಆದರೆ ಬಲಗೈಯಲ್ಲಿ ಮಗುವನ್ನು ಎತ್ತಿಕೊಳ್ಳಲು ಅವಳಿಗೆ ಇಂದಿಗೂ ಆಗುವುದಿಲ್ಲ.

ಇದು ಎಲ್ಲರಿಗೂ ಬರುವ ಕಾಯಿಲೆಯಲ್ಲ, ಅಪರೂಪ. ಹೆದರಬೇಡಿ. ಆದರೆ ಬಂದಾಗ ಒಂದೊಂದು ಗಂಟೆಗೂ ಬೆಲೆಯಿದೆ.

ಮುಖ್ಯ ಕಾರಣ ರಕ್ತದೊತ್ತಡ. ಐದು ತಿಂಗಳು ಕಳೆದ ಮೇಲೆ ಕೆಲವು ಬಸುರಿಯರಿಗೆ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಇದನ್ನೇ ಗರ್ಭಿಣಿ ನಂಜು ಎನ್ನುವುದು. ಬಿ.ಪಿ. 140/90 ಮುಟ್ಟಿದರೆ ವೈದ್ಯರಿಗೆ ತೋರಿಸಲೇಬೇಕು. 160/110 ಆದರೆ ನಾಳೆಗೆ ಕಾಯಬಾರದು, ಮಿದುಳಿನ ಸಣ್ಣ ರಕ್ತನಾಳ ಒಡೆಯುವ ಅಪಾಯವಿದೆ. ಹೆರಿಗೆಯಾದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಹೆರಿಗೆಯಾದ ಮೂರರಿಂದ ಆರನೇ ದಿನದ ಹೊತ್ತಿಗೆ ಬಿ.ಪಿ. ಮತ್ತೆ ಏರುವುದುಂಟು. ಬಸುರಿಯಲ್ಲಿ ಬಿ.ಪಿ. ಇಲ್ಲದಿದ್ದವರಿಗೂ ಆಗ ಬರಬಹುದು. ಆರು ವಾರ ಎಚ್ಚರ ಬೇಕು. ವೈದ್ಯರು ಕೊಟ್ಟ ಬಿ.ಪಿ. ಮಾತ್ರೆಯನ್ನು ಮನೆಗೆ ಬಂದ ಕೂಡಲೇ ನಿಲ್ಲಿಸಬೇಡಿ.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ" ಅಂತ ದಿನಕ್ಕೆ ಎರಡು ಲೋಟ ನೀರೂ ಕೊಡದ ಮನೆಗಳಿವೆ. ಮೇಲಿಂದ ಬಿಸಿ ಕೋಣೆ, ಬೆವರು. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ನೀರೂ ಇಲ್ಲದಿದ್ದರೆ ಅದಕ್ಕೆ ಇನ್ನಷ್ಟು ದಾರಿ. ಮುಂದೆ ಕಾಲುವೆ ಕಟ್ಟಿಕೊಂಡರೆ ಹಿಂದೆ ನೀರು ಏರಿ ಬದು ಒಡೆಯುತ್ತದಲ್ಲ, ಮಿದುಳಿನಲ್ಲೂ ಹಾಗೇ ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯನ್ನು 1980ರ ದಶಕದಿಂದಲೇ ಗಮನಿಸಿ ಬರೆದಿದ್ದಾರೆ. ಅಜ್ಜಿಯರೊಂದಿಗೆ ಜಗಳ ಬೇಡ. ಕಾಯಿಸಿ ಆರಿಸಿದ ನೀರು, ಗಂಜಿ, ಸಾರು ಬಾಯಾರಿದಾಗಲೆಲ್ಲ ಕೊಡಿ, ಸಾಕು.

ಹಾಗಾದರೆ ಯಾವ ತಲೆನೋವಿಗೆ ಓಡಬೇಕು? ಮಾತ್ರೆಗೂ ಬಗ್ಗದ ತಲೆನೋವು, ಸಿಡಿಲು ಬಡಿದಂತೆ ಥಟ್ಟನೆ ಬಂದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಬಿಡದ ವಾಂತಿ, ಮುಖ ಕೈ ಊದುವುದು. ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದವಳನ್ನು ಎಡಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಹೊಯ್ಯುವುದು ಬೇಡವೇ ಬೇಡ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಹೆರಿಗೆಯಾಗಿ ಇಷ್ಟು ದಿನ" ಎಂದಿರಲಿ. ತಾಯಿ ಕಾರ್ಡ್ ಜೊತೆಗಿರಲಿ. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕಳಿಸಿದರೆ ಊರಿಗೆ ಹೋಗಿ ಹಿರಿಯರನ್ನು ಕೇಳಿ ಬರುತ್ತೇವೆ ಅನ್ನಬೇಡಿ.

ಆಶಾ ಕಾರ್ಯಕರ್ತೆ ಮನೆಗೆ ಬರುವುದು 3, 7, 14ನೇ ದಿನ, ಹೀಗೆ 42ನೇ ದಿನದವರೆಗೆ. ಮಗುವಿನ ತೂಕ ಆದ ಮೇಲೆ "ತಾಯಿಯ ಬಿ.ಪಿ. ಎಲ್ಲಿ ನೋಡಿಸಬೇಕು?" ಎಂದು ನೀವೇ ಕೇಳಿ. ಅವರ ಮೇಲೂ ಕೆಲಸದ ಹೊರೆ ಬಹಳ.

ಸಂಘದಿಂದ ಎರಡು ಕೆಲಸ ಆಗಬಹುದು. ಸದಸ್ಯೆಯರ ಮನೆಯ ಬಸುರಿ, ಬಾಣಂತಿಯರ ಹೆಸರನ್ನು ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ರಾತ್ರಿ ಹೊತ್ತು ಸಹಿಗಾಗಿ ಅಲೆಯದಂತೆ ಒಂದಿಷ್ಟು ತುರ್ತು ಹಣ ಪ್ರತಿನಿಧಿಯ ಕೈಯಲ್ಲಿರಲಿ ಎಂದು ಇವತ್ತೇ ಠರಾವು ಮಾಡಿ.

ಬಿ.ಪಿ. ಮಷೀನ್ ತಂದಿದ್ದೇವೆ. ಬಸುರಿಯರು, ಬಾಣಂತಿಯರು ಮೊದಲು ಬನ್ನಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡೋಣ.